ಗಾರ್ಡನ್ ಬೆನೆಟ್ ಕಪ್ (1900–1905): ಒಂದು ಬೋಲ್ಟೂ ಹೊರದೇಶದ್ದಾಗಬಾರದು ಅಂದ ರೇಸ್

ಹಳೇಚಕ್ರ

ಎಲ್ಲರಿಗೂ ನಮಸ್ಕಾರ. ಹೋದ ವಾರ ಫಾರ್ಮುಲಾ ಒನ್ ಚರ್ಚೆಯಲ್ಲಿ ಒಬ್ಬರು ಕೇಳಿದ್ದರು, ಬ್ರಿಟನ್ನಿನ ರೇಸ್ ಕಾರು ಅಂದರೆ ಹಸಿರು, ಫ್ರಾನ್ಸಿನದು ಅಂದರೆ ನೀಲಿ, ಈ ಲೆಕ್ಕ ಎಲ್ಲಿಂದ ಬಂತು ಅಂತ. ಉತ್ತರ ಬರೆಯಲು ಕೂತೆ. ಎರಡು ಸಾಲಲ್ಲಿ ಮುಗಿಯೋ ಮಾತಲ್ಲ ಅಂತ ಗೊತ್ತಾಗಿ ಬೇರೆ ಚರ್ಚೆಯನ್ನೇ ತೆರೆದಿದ್ದೇನೆ.

ಆ ಬಣ್ಣಗಳು ಗಾರ್ಡನ್ ಬೆನೆಟ್ ಕಪ್‌ನಿಂದ ಬಂದವು. ದೇಶ ದೇಶಗಳ ನಡುವೆ ನಡೆದ ಮೊದಲ ಕಾರ್ ರೇಸ್ ಅದು. ಆರು ಸಲ ನಡೆಯಿತು, 1900ರಿಂದ 1905ರವರೆಗೆ. ಆಮೇಲೆ ನಿಂತೇ ಹೋಯಿತು.

ಕಪ್ ಕೊಟ್ಟವರು ಜೇಮ್ಸ್ ಗಾರ್ಡನ್ ಬೆನೆಟ್ ಜೂನಿಯರ್, ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಮಾಲೀಕರು. ಆಫ್ರಿಕಾದಲ್ಲಿ ಲಿವಿಂಗ್‌ಸ್ಟನ್ ಅವರನ್ನು ಹುಡುಕಿಕೊಂಡು ಬರಲು ಸ್ಟ್ಯಾನ್ಲಿಯನ್ನು ಕಳಿಸಿದ್ದು ಇದೇ ಬೆನೆಟ್. ಪ್ಯಾರಿಸ್‌ನಲ್ಲೇ ಮನೆ ಮಾಡಿದ್ದರು. 1899ರಲ್ಲಿ ಫ್ರಾನ್ಸಿನ ಆಟೋಮೊಬೈಲ್ ಕ್ಲಬ್ಬಿಗೆ ಒಂದು ಬೆಳ್ಳಿ ಟ್ರೋಫಿ ಕೊಟ್ಟು, ಇದಕ್ಕೆ ದೇಶಗಳು ಸ್ಪರ್ಧಿಸಲಿ ಅಂದರು. ಕಾರಿನ ಕಂಪನಿಯಾಗಲಿ, ಚಾಲಕನಾಗಲಿ ನೇರವಾಗಿ ಬರುವಂತಿಲ್ಲ. ಆಯಾ ದೇಶದ ಕ್ಲಬ್ ಕಳಿಸಬೇಕು. ಒಂದು ದೇಶಕ್ಕೆ ಮೂರೇ ಕಾರು. ಗೆದ್ದ ದೇಶ ಮುಂದಿನ ವರ್ಷದ ರೇಸ್ ನಡೆಸಿಕೊಡಬೇಕು.

ಇದೆಲ್ಲ ಸರಿ. ಆದರೆ ಇನ್ನೊಂದು ನಿಯಮ ಇತ್ತು. ಕಾರಿನ ಪ್ರತಿಯೊಂದು ಭಾಗವೂ ಅದು ಪ್ರತಿನಿಧಿಸುವ ದೇಶದಲ್ಲೇ ತಯಾರಾಗಿರಬೇಕು. ಇಂಜಿನ್ ಮಾತ್ರ ಅಲ್ಲ. ಟೈರು, ಕಿಡಿ ಹೊತ್ತಿಸುವ ಸಾಮಾನು, ಸಣ್ಣ ಬೋಲ್ಟು ಕೂಡ.

ಆರೇ ವರ್ಷಕ್ಕೆ ಈ ಕಪ್ ಮುಗಿದುಹೋಗಲು ಆ ನಿಯಮವೇ ಕಾರಣ ಅನ್ನೋದು ನನ್ನ ವಾದ. ಒಪ್ಪದವರು ಹೇಳಿ, ಮಾತಾಡೋಣ.

ಮೊದಲ ರೇಸ್ 1900ರ ಜೂನ್ 14ರಂದು, ಪ್ಯಾರಿಸ್‌ನಿಂದ ಲಿಯೋನ್‌ಗೆ, ಸುಮಾರು 570 ಕಿಲೋಮೀಟರ್. ಹೊರಟದ್ದು ಐದೇ ಕಾರು. ಫ್ರಾನ್ಸಿನಿಂದ ಪನಾರ್ ಕಂಪನಿಯ ಮೂರು ಕಾರು, ಬೆಲ್ಜಿಯಂನಿಂದ ಕಮೀಲ್ ಜೆನಾಟ್ಸಿ, ಅಮೆರಿಕದಿಂದ ಅಲೆಕ್ಸಾಂಡರ್ ವಿಂಟನ್ ತಾವೇ ಕಟ್ಟಿದ ಕಾರಿನಲ್ಲಿ. ತಲುಪಿದ್ದು ಎರಡು. ಗೆದ್ದ ಫೆರ್ನಾಂದ್ ಶಾರೋನ್ ಅವರ ಕಾರಿನ ಹಿಂದಿನ ಅಚ್ಚು ದಾರಿಯಲ್ಲೇ ಬಗ್ಗಿತ್ತು. ಲಿಯೋನ್ ಇನ್ನೇನು 15 ಕಿಲೋಮೀಟರ್ ಇದೆ ಅನ್ನುವಾಗ ಇಳಿಜಾರಿನಲ್ಲಿ ಒಂದು ದೊಡ್ಡ ಸೇಂಟ್ ಬರ್ನಾರ್ಡ್ ನಾಯಿ ಅಡ್ಡ ಬಂತು. ಪಾಪ, ಮುಂದಿನ ಚಕ್ರಕ್ಕೂ ಸ್ಪ್ರಿಂಗಿಗೂ ನಡುವೆ ಸಿಕ್ಕಿಬಿತ್ತು. ಸ್ಟೇರಿಂಗ್ ತಿರುಗಲಿಲ್ಲ. ಕಾರು ರಸ್ತೆ ಬಿಟ್ಟು, ಮರಗಳ ನಡುವೆ ನುಗ್ಗಿ, ಹೊಲ ಸುತ್ತಿ ಮತ್ತೆ ರಸ್ತೆಗೆ ಬಂದಾಗ ಅದರ ಮೂತಿ ಪ್ಯಾರಿಸ್ ಕಡೆಗಿತ್ತು! ನೀರಿನ ಪಂಪು ಕಳಚಿಕೊಂಡಿತ್ತು. ಪಕ್ಕದಲ್ಲಿದ್ದ ಮೆಕ್ಯಾನಿಕ್ ಹೆನ್ರಿ ಫೂರ್ನಿಯೇ ಬಾಗಿ ಆ ಪಂಪನ್ನು ಕೈಯಲ್ಲೇ ಒತ್ತಿ ಹಿಡಿದುಕೊಂಡರು. ಹಾಗೇ ಲಿಯೋನ್ ತಲುಪಿದರು. 9 ಗಂಟೆ 9 ನಿಮಿಷ, ಸರಾಸರಿ 62 ಕಿಲೋಮೀಟರ್ ವೇಗ.

ಕಾರವಾರದ ಹುಡುಗ

ಹಳೇಚಕ್ರ ಸರ್, ಪಂಪನ್ನು ಕೈಯಲ್ಲಿ ಹಿಡಿದರೆ ಅದು ತಿರುಗೋದು ಹೇಗೆ? ಬೆಲ್ಟ್ ಇರಲಿಲ್ವಾ?

ಹುಬ್ಬಳ್ಳಿ ಗ್ಯಾರೇಜ್

ಇದಕ್ಕೆ ನಾನು ಹೇಳ್ತೀನಿ, ನಲವತ್ತು ವರ್ಷ ಇದೇ ಕೆಲಸ ಮಾಡಿದವನು.

ಆ ಕಾಲದ ಪನಾರ್‌ನಲ್ಲಿ ನೀರಿನ ಪಂಪಿಗೆ ಬೆಲ್ಟ್ ಇರಲಿಲ್ಲ. ಇಂಜಿನ್ನಿನ ಫ್ಲೈವೀಲ್‌ಗೆ ಪಂಪಿನ ಚಕ್ರ ಒತ್ತಿಕೊಂಡಿರುತ್ತಿತ್ತು. ಫ್ಲೈವೀಲ್ ತಿರುಗಿದರೆ ಆ ಉಜ್ಜುವಿಕೆಗೇ ಪಂಪೂ ತಿರುಗುತ್ತಿತ್ತು. ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ಪಂಪು ಸಡಿಲಾದರೆ ನೀರು ಓಡಲ್ಲ, ಇಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಸ್ಪ್ರಿಂಗ್ ಮಾಡಬೇಕಾದ ಕೆಲಸವನ್ನು ಫೂರ್ನಿಯೇ ತೋಳು ಮಾಡಿತು. ಓಡುವ ಕಾರಿನಲ್ಲಿ, ಸುತ್ತುವ ಫ್ಲೈವೀಲ್ ಪಕ್ಕ ಬೆರಳು ಇಟ್ಟುಕೊಂಡು! ನನ್ನ ಗ್ಯಾರೇಜಿನಲ್ಲಿ ನಿಂತ ಗಾಡಿಯ ಫ್ಯಾನ್ ಹತ್ತಿರ ಕೈ ಹಾಕಿದ ಹುಡುಗನಿಗೂ ನಾನು ಬೈದಿದ್ದೇನೆ.

ಟೈರಿನ ಮಾತು ಬಂದಿದ್ದಕ್ಕೆ ಇನ್ನೊಂದು. ಆಗ ಚಕ್ರ ಕಳಚುವಂತಿರಲಿಲ್ಲ. ಮರದ ಕಡ್ಡಿಗಳ ಚಕ್ರ ಅಚ್ಚಿಗೇ ಕೂತಿರುತ್ತಿತ್ತು. ಪಂಕ್ಚರ್ ಆದರೆ ರಸ್ತೆ ಬದಿಯಲ್ಲಿ ಮಂಡಿಯೂರಿ, ಬಿಸಿ ರಬ್ಬರನ್ನು ಲಿವರ್ ಹಾಕಿ ಕಿತ್ತು ತೆಗೆದು, ಬೇರೆ ಟ್ಯೂಬು ತುರುಕಿ, ಟೈರು ಮತ್ತೆ ರಿಮ್ಮಿಗೆ ಕೂರಿಸಿ, ಕೈಪಂಪಿನಲ್ಲಿ ಗಾಳಿ ತುಂಬಬೇಕು. ಕಾಲು ಗಂಟೆ ಸಲೀಸಾಗಿ ಹೋಗುತ್ತದೆ. ಒಂದು ರೇಸಿನಲ್ಲಿ ಇದು ಮತ್ತೆ ಮತ್ತೆ. ಅಂಗೈ ಚರ್ಮ ಸುಲಿದು ಬರುತ್ತದೆ, ಮಾಡಿದವರಿಗೆ ಗೊತ್ತು.

ಹಳೇಚಕ್ರ

ಹುಬ್ಬಳ್ಳಿಯವರೇ, ತುಂಬಾ ಥ್ಯಾಂಕ್ಸ್. ಟೈರಿನ ವಿಷಯ ನೀವೇ ಎತ್ತಿದ್ದು ಒಳ್ಳೆಯದಾಯಿತು. ಮುಂದಿನ ಕತೆ ಅದೇ.

1901ರಲ್ಲಿ ಬ್ರಿಟನ್ನಿನಿಂದ ಸೆಲ್ವಿನ್ ಎಜ್ ಬಂದರು. ಅವರ ನೇಪಿಯರ್ ಭಾರೀ ಗಾತ್ರದ ಕಾರು. ಆ ಭಾರಕ್ಕೆ ಬ್ರಿಟಿಷ್ ಟೈರು ತಡೆಯಲಿಲ್ಲ. ಹೊರದೇಶದ ಟೈರು ಹಾಕಿಸಿಕೊಂಡರು. ಅಷ್ಟಕ್ಕೇ ಕಪ್ಪಿನಿಂದ ಹೊರಗೆ. ಕಾರಿನ ಉಳಿದದ್ದೆಲ್ಲ ಬ್ರಿಟಿಷ್, ಟೈರು ಮಾತ್ರ ಹೊರದೇಶದ್ದು, ಅದಕ್ಕೇ ಅನರ್ಹ.

ಆ ವರ್ಷ ಕಪ್ಪಿಗೆ ಉಳಿದದ್ದು ಮೂರು ಫ್ರೆಂಚ್ ಕಾರು ಮಾತ್ರ. ಪ್ಯಾರಿಸ್–ಬೋರ್ಡೋ ರೇಸಿನ ಜೊತೆಗೇ ಕಪ್ ಓಟವನ್ನೂ ಇಟ್ಟಿದ್ದರು. ಮುಗಿಸಿದ್ದು ಲೆಯೋನ್ಸ್ ಜಿರಾರ್ದೋ ಒಬ್ಬರೇ, 8 ಗಂಟೆ 50 ನಿಮಿಷದಲ್ಲಿ. ಯಾವಾಗಲೂ ಎರಡನೇ ಸ್ಥಾನಕ್ಕೇ ಬರುತ್ತಾರೆ ಅಂತ ಜನ ಅವರನ್ನು 'ನಿತ್ಯ ಎರಡನೆಯವ' ಅಂತ ಕರೆಯುತ್ತಿದ್ದರು. ಕೊನೆಗೂ ಗೆದ್ದರಲ್ಲ ಅಂತ ನನಗೆ ಈಗಲೂ ಖುಷಿ. ಆದರೆ ಅದೇ ದಿನ, ಅದೇ ರಸ್ತೆಯಲ್ಲಿ, ಕಪ್ಪಿಗೆ ಸೇರದ ಮೋರ್ಸ್ ಕಾರು 6 ಗಂಟೆ 10 ನಿಮಿಷದಲ್ಲಿ ಬೋರ್ಡೋ ಮುಟ್ಟಿತ್ತು. ಓಡಿಸಿದವರು ಯಾರು ಗೊತ್ತಾ? ಪಂಪು ಹಿಡಿದುಕೊಂಡಿದ್ದ ಅದೇ ಫೂರ್ನಿಯೇ. ಜನಕ್ಕೆ ನೆನಪಿದ್ದದ್ದು ಆ ಓಟವೇ ಹೊರತು ಕಪ್ ಅಲ್ಲ.

1902 ಬೇರೆ ಥರ. ಪ್ಯಾರಿಸ್–ವಿಯೆನ್ನಾ ರೇಸಿನ ಒಳಗೇ ಪ್ಯಾರಿಸ್‌ನಿಂದ ಇನ್ಸ್‌ಬ್ರುಕ್‌ವರೆಗೆ ಕಪ್ ಓಟ. ಆ ಹೊತ್ತಿಗೆ ಕಾರಿನ ತೂಕ 1000 ಕಿಲೋ ಮೀರಬಾರದು ಅಂತ ನಿಯಮ ಬಂದಿತ್ತು. ಕಿಡಿ ಹೊತ್ತಿಸುವ ಮ್ಯಾಗ್ನೆಟೋ ಇದ್ದರೆ ಇನ್ನು 7 ಕಿಲೋ ವಿನಾಯಿತಿ. ಸ್ವಿಟ್ಜರ್ಲೆಂಡ್ ರೇಸಿಗೆ ಒಪ್ಪಲಿಲ್ಲ, ಹಾಗಾಗಿ ಅಲ್ಲಿ ಸುಮ್ನೆ ನಿಧಾನವಾಗಿ ದಾಟಬೇಕು, ಸಮಯ ಲೆಕ್ಕಕ್ಕಿಲ್ಲ. ಆಮೇಲೆ ಆಸ್ಟ್ರಿಯಾದ ಆರ್ಲ್‌ಬರ್ಗ್ ಘಾಟಿ, 1800 ಮೀಟರ್ ಎತ್ತರ. ಮುಂದಿದ್ದವರು ಪನಾರ್‌ನ ರೆನೆ ದ ಕ್ನಿಫ್. ಘಾಟಿ ದಾಟಿದ್ದರು, ಇನ್ಸ್‌ಬ್ರುಕ್ ಹತ್ತಿರ ಬಂದಿತ್ತು, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮುರಿಯಿತು. ಉಳಿದಿಬ್ಬರು ಫ್ರೆಂಚರು ಮೊದಲೇ ನಿಂತಿದ್ದರು. ಹಿಂದೆ ಬರುತ್ತಿದ್ದ ಎಜ್ ತಮ್ಮ ನೇಪಿಯರ್‌ನಲ್ಲಿ ಇನ್ಸ್‌ಬ್ರುಕ್ ತಲುಪಿದರು. ಸರಾಸರಿ 51 ಕಿಲೋಮೀಟರ್ ಅಷ್ಟೇ. ಆದರೂ ಕಪ್ ಬ್ರಿಟನ್ನಿಗೆ ಹೋಯಿತು!

ಪಾಠದ ಮೇಷ್ಟ್ರು

ಹಳೇಚಕ್ರ ಅವರೇ, ಬಹಳ ಚೆನ್ನಾಗಿ ಬರೆಯುತ್ತಿದ್ದೀರಿ. 1903ಕ್ಕೆ ಹೋಗುವ ಮುಂಚೆ ಪ್ಯಾರಿಸ್–ಮ್ಯಾಡ್ರಿಡ್ ಬಗ್ಗೆ ಹೇಳಲೇಬೇಕು. ಅದನ್ನು ಬಿಟ್ಟರೆ ಐರ್ಲೆಂಡ್ ಅರ್ಥವಾಗುವುದಿಲ್ಲ.

1903ರ ಮೇ 24. ವರ್ಸೈನಿಂದ ಬೆಳಗಿನ ಜಾವ ಇನ್ನೂರಕ್ಕೂ ಹೆಚ್ಚು ಗಾಡಿಗಳು ಹೊರಟವು. ರಸ್ತೆ ಮುಚ್ಚಿರಲಿಲ್ಲ. ಹಳ್ಳಿ ಜನ, ಮಕ್ಕಳು, ದನಕರು, ಸೈಕಲ್ಲು, ಎಲ್ಲ ಅದೇ ರಸ್ತೆಯಲ್ಲಿ. ಡಾಂಬರು ಇಲ್ಲದ ರಸ್ತೆ. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವರಿಗೆ ಏನೂ ಕಾಣದು. ರಸ್ತೆ ಎಲ್ಲಿ ತಿರುಗುತ್ತದೆ ಅಂತ ಮರಗಳ ತುದಿ ನೋಡಿ ಅಂದಾಜು ಮಾಡುತ್ತಿದ್ದರು. ವೇಗ ಎಷ್ಟು? ಮೋರ್ಸ್ ಓಡಿಸಿದ ಗಾಬ್ರಿಯೆಲ್ 552 ಕಿಲೋಮೀಟರನ್ನು 5 ಗಂಟೆ 14 ನಿಮಿಷದಲ್ಲಿ ಮುಗಿಸಿದರು. ಗಂಟೆಗೆ 105 ಕಿಲೋಮೀಟರ್ ಸರಾಸರಿ!

ಮಾರ್ಸೆಲ್ ರೆನೋ ಧೂಳಿನಲ್ಲಿ ತಿರುವು ಕಾಣದೆ ಉರುಳಿದರು, ಎರಡು ದಿನದ ಮೇಲೆ ತೀರಿಕೊಂಡರು. ಹಿಂದಿನ ವರ್ಷ ಪ್ಯಾರಿಸ್–ವಿಯೆನ್ನಾ ಗೆದ್ದದ್ದು ಅವರೇ. ತಮ್ಮ ಲೂಯಿ ರೆನೋ ಬೋರ್ಡೋ ತಲುಪಿದ ಮೇಲೆ ಸುದ್ದಿ ಕೇಳಿದರು. ಆಮೇಲೆ ಅವರು ರೇಸ್ ಓಡಿಸಲಿಲ್ಲ. ಇನ್ನೂ ಹಲವರು ಸತ್ತರು, ನೋಡಲು ನಿಂತಿದ್ದವರೂ ಸೇರಿ. ಕಮೀಲ್ ದ್ಯು ಗಾಸ್ಟ್ ಅನ್ನುವ ಮಹಿಳೆಯೂ ಓಡಿಸುತ್ತಿದ್ದರು. ದಾರಿಯಲ್ಲಿ ಕಾರು ಮಗುಚಿ ಬಿದ್ದಿದ್ದ ಇನ್ನೊಬ್ಬ ಚಾಲಕನನ್ನು ಕಂಡು ತಮ್ಮ ಓಟ ನಿಲ್ಲಿಸಿ ಆರೈಕೆಗೆ ನಿಂತರು.

ಫ್ರೆಂಚ್ ಸರಕಾರ ಬೋರ್ಡೋದಲ್ಲೇ ರೇಸ್ ನಿಲ್ಲಿಸಿತು. ಇಂಜಿನ್ ಚಾಲೂ ಮಾಡಲು ಕೂಡ ಬಿಡಲಿಲ್ಲ. ಆ ಕಾರುಗಳನ್ನು ಕುದುರೆ ಕಟ್ಟಿ ರೈಲು ನಿಲ್ದಾಣಕ್ಕೆ ಎಳೆಸಿದರು. ಊರಿಂದ ಊರಿಗೆ ಓಡುವ ರೇಸುಗಳ ಕಾಲ ಅಲ್ಲಿಗೆ ಮುಗಿಯಿತು. ಇದಾಗಿ ಆರು ವಾರಕ್ಕೇ ಐರ್ಲೆಂಡಿನಲ್ಲಿ ಗಾರ್ಡನ್ ಬೆನೆಟ್.

ಡಬ್ಲಿನ್ ಕನ್ನಡತಿ

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ. ಐರ್ಲೆಂಡ್ ಅಂದ ಮೇಲೆ ತಡೆಯಲಾಗಲಿಲ್ಲ. ನಾವು ಇಲ್ಲಿಗೆ ಬಂದು ಒಂಬತ್ತು ವರ್ಷ. ಹೋದ ಬೇಸಿಗೆಯಲ್ಲಿ ಯಜಮಾನರು, ಮಕ್ಕಳ ಜೊತೆ ಆ ದಾರಿ ಪೂರ್ತಿ ಸುತ್ತಿ ಬಂದೆವು. ಈಗಲೂ 'ಗಾರ್ಡನ್ ಬೆನೆಟ್ ಮಾರ್ಗ' ಅಂತ ದಾರಿಯುದ್ದಕ್ಕೂ ಬೋರ್ಡು ಹಾಕಿದ್ದಾರೆ.

ಮೊದಲು, ಬ್ರಿಟನ್ ಗೆದ್ದಿದ್ದಕ್ಕೆ ಐರ್ಲೆಂಡಿಗೆ ಯಾಕೆ ಬಂತು ಅನ್ನೋದು. ಆಗ ಐರ್ಲೆಂಡ್ ಬ್ರಿಟಿಷರ ಕೈಯಲ್ಲಿತ್ತು. 1896ರ ಕಾನೂನಿನಲ್ಲಿ ಗಂಟೆಗೆ 14 ಮೈಲಿಗಿಂತ ಜಾಸ್ತಿ ಓಡಿಸುವಂತಿರಲಿಲ್ಲ. ಇಂಗ್ಲೆಂಡಿನ ರಸ್ತೆಯಲ್ಲಿ ರೇಸ್ ಅನ್ನೋ ಮಾತೇ ಇಲ್ಲ. ಅದಕ್ಕೆ 1903ರಲ್ಲಿ ಸಂಸತ್ತಿನಲ್ಲಿ ಐರ್ಲೆಂಡಿಗೆ ಅಂತಲೇ ಬೇರೆ ಕಾಯ್ದೆ ಮಾಡಿ ರಸ್ತೆ ಮುಚ್ಚಲು ಅನುಮತಿ ಕೊಟ್ಟರು.

ದಾರಿ ಹೇಗಿದೆ ಅಂದರೆ ನಮ್ಮ 'ಇಂಗ್ಲಿಷ್ ಎಂಟು' ಬರೆದ ಹಾಗೆ. ಎರಡು ಸುತ್ತು, ನಡುವೆ ಅಥೈ ಊರಿನ ಕಡೆ ಸೇರುತ್ತವೆ. ಪೂರ್ವದ ಸುತ್ತು ಸುಮಾರು 40 ಮೈಲಿ, ಕಿಲ್‌ಕಲನ್, ಕಾಸಲ್‌ಡರ್ಮಟ್, ಕಾರ್ಲೋ. ಪಶ್ಚಿಮದ್ದು 52 ಮೈಲಿ, ಕಿಲ್ಡೇರ್, ಮೊನಾಸ್ಟರೆವಿನ್, ಸ್ಟ್ರಾಡ್‌ಬಲಿ. ಒಂದನ್ನು ಮೂರು ಸಲ, ಇನ್ನೊಂದನ್ನು ನಾಲ್ಕು ಸಲ. ಒಟ್ಟು 527 ಕಿಲೋಮೀಟರ್.

ಹೊರಟ ಜಾಗ ಬ್ಯಾಲಿಶಾನನ್ ಅನ್ನುವ ಕೂಡುರಸ್ತೆ. ಕಾರು ನಿಲ್ಲಿಸಿ ಇಳಿದೆವು. ಎರಡೂ ಕಡೆ ಬೇಲಿ, ಆಚೆ ಹುಲ್ಲುಗಾವಲು, ಹಸು. ಮಗ ಕೇಳಿದ, ಅಮ್ಮಾ ಟ್ರ್ಯಾಕ್ ಎಲ್ಲಿ ಅಂತ. ಇದೇ ಕಂದಾ ಅಂದೆ. ಅವನು ನಂಬಲಿಲ್ಲ. ಎದುರಿಂದ ಒಂದು ಟ್ರ್ಯಾಕ್ಟರ್ ಬಂದರೆ ನಾವು ಬೇಲಿಗೆ ಒತ್ತಿ ನಿಲ್ಲಬೇಕಾದಂಥ ರಸ್ತೆಗಳೂ ಸುತ್ತಮುತ್ತ ಇವೆ. 1903ರ ಜುಲೈ 2ರ ಬೆಳಿಗ್ಗೆ 7 ಗಂಟೆಗೆ ಇಲ್ಲಿಂದ ಎಜ್ ಮೊದಲು ಹೊರಟರು. ಆಮೇಲೆ ಏಳೇಳು ನಿಮಿಷಕ್ಕೆ ಒಂದೊಂದು ಕಾರು. ಒಟ್ಟು 12. ಮೇಷ್ಟ್ರು ಹೇಳಿದ ಧೂಳಿನ ಭಯಕ್ಕೇ ಇಷ್ಟು ಅಂತರ.

ಊರುಗಳ ಒಳಗೆ ರೇಸ್ ಇಲ್ಲ. ಊರಿನ ಬಾಗಿಲಲ್ಲಿ ಕಾರು ನಿಲ್ಲಬೇಕು. ಒಬ್ಬ ಸೈಕಲ್ಲಿನವನು ಮುಂದೆ ಹೋಗುತ್ತಾನೆ, ಕಾರು ಅವನ ಹಿಂದೆ ನಿಧಾನವಾಗಿ ಸಾಗುತ್ತದೆ. ಊರು ದಾಟಿದ ಮೇಲೆ ಮತ್ತೆ ಬಿಡುತ್ತಾರೆ. ಅಥೈನಲ್ಲಿ ಬ್ಯಾರೋ ನದಿಯ ಸೇತುವೆ ಮೇಲೆ ನಿಂತು ಅದನ್ನೇ ಯೋಚಿಸುತ್ತಿದ್ದೆ. 60 ಕುದುರೆ ಶಕ್ತಿಯ ಮರ್ಸಿಡಿಸ್ ಗುರ್ ಅನ್ನುತ್ತಾ ಸೈಕಲ್ಲಿನ ಹಿಂದೆ ಬರುವುದನ್ನು ಕಣ್ಣಿಗೆ ತಂದುಕೊಳ್ಳಿ!

ಆ ಮರ್ಸಿಡಿಸ್ಸೇ ಗೆದ್ದಿತು. ಅದರ ಕತೆ ಇನ್ನೂ ಚೆಂದ. ರೇಸಿಗೆ ಅಂತ ತಯಾರಾಗಿದ್ದ 90 ಕುದುರೆ ಶಕ್ತಿಯ ಕಾರುಗಳು ಮೂರು ವಾರದ ಮುಂಚೆ ಕಾನ್‌ಸ್ಟಾಟ್ ಕಾರ್ಖಾನೆಯ ಬೆಂಕಿಯಲ್ಲಿ ಸುಟ್ಟುಹೋದವು. ಕೊಂಡುಕೊಂಡಿದ್ದ ಗಿರಾಕಿಗಳಿಂದ 60ರ ಕಾರುಗಳನ್ನು ವಾಪಸ್ ಕೇಳಿ ತಂದರು. ಅಂಥದ್ದೊಂದರಲ್ಲಿ ಜೆನಾಟ್ಸಿ 6 ಗಂಟೆ 39 ನಿಮಿಷದಲ್ಲಿ ಮುಗಿಸಿದರು. ದ ಕ್ನಿಫ್ 11 ನಿಮಿಷ ಹಿಂದೆ, ಎರಡನೆಯವರು. ಬ್ರಿಟನ್ನಿನ ಜಾರಟ್ ಅವರ ಕಾರು ಮಗುಚಿದರೂ ಜೀವ ಉಳಿಯಿತು. ನೋಡಲು ಬಂದವರಲ್ಲಿ ಒಬ್ಬರೂ ಸಾಯಲಿಲ್ಲ. ಪ್ಯಾರಿಸ್–ಮ್ಯಾಡ್ರಿಡ್ ಆದ ಮೇಲೆ ಇದು ಎಷ್ಟು ದೊಡ್ಡ ಮಾತು ಅಲ್ವಾ?

ಬಣ್ಣದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಐರ್ಲೆಂಡಿನ ಶ್ಯಾಮ್‌ರಾಕ್ ಎಲೆಗೆ ಗೌರವವಾಗಿ ಬ್ರಿಟಿಷ್ ಕಾರುಗಳಿಗೆ ಹಸಿರು ಬಳಿದರು ಅಂತ ಇಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ.

ಹಳೇಚಕ್ರ

ಅಕ್ಕಾ, ನಿಮ್ಮ ಬರಹ ಓದಿ ನಾನೂ ಆ ಕೂಡುರಸ್ತೆಯಲ್ಲಿ ನಿಂತ ಹಾಗಾಯಿತು. ಒಂದು ಸಣ್ಣ ತಿದ್ದುಪಡಿ. 1902ರಲ್ಲಿ ಎಜ್ ಗೆದ್ದ ನೇಪಿಯರ್ ಆಗಲೇ ಹಸಿರಾಗಿತ್ತು. ಐರ್ಲೆಂಡಿನಲ್ಲಿ ಆ ಹಸಿರಿಗೆ ಒಳ್ಳೆಯ ಅರ್ಥ ಸೇರಿಕೊಂಡಿತು, ಅಲ್ಲಿಂದ ಗಟ್ಟಿಯಾಯಿತು. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಬೆಲ್ಜಿಯಂಗೆ ಹಳದಿ. ಕೆಂಪು ಆಗ ಅಮೆರಿಕದ್ದು. ಇಟಲಿಗೆ ಕೆಂಪು ಬಂದದ್ದು ಆಮೇಲೆ.

ಇನ್ನೊಂದು ಗಮನಿಸಿ. ಆ ದಿನ ಜರ್ಮನಿಗೆ ಓಡಿಸಿದ ಮೂವರಲ್ಲಿ ಒಬ್ಬರೂ ಜರ್ಮನ್ ಅಲ್ಲ! ಜೆನಾಟ್ಸಿ, ದ ಕಾಟರ್ಸ್ ಇಬ್ಬರೂ ಬೆಲ್ಜಿಯಂನವರು, ಫಾಕ್ಸ್‌ಹಾಲ್ ಕೀನ್ ಅಮೆರಿಕದವರು. ಕಾರ್ಖಾನೆಯ ಸಂಬಳದ ಚಾಲಕರನ್ನು ಜರ್ಮನ್ ಕ್ಲಬ್ ಒಪ್ಪಲಿಲ್ಲ, ದೊಡ್ಡ ಮನೆತನದವರೇ ಆಗಬೇಕು ಅಂದಿತು. ಬೋಲ್ಟು ಮಾತ್ರ ಜರ್ಮನ್ ಆಗಿರಬೇಕು, ಸ್ಟೇರಿಂಗ್ ಹಿಡಿಯುವ ಕೈ ಯಾವ ದೇಶದ್ದಾದರೂ ಆದೀತು. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ತಮ್ಮ ಕೈಯಾರೆ ಆ ಕಾರು ಕಟ್ಟಿದ ಚಾಲಕರು ಬದಿಯಲ್ಲಿ ನಿಂತು ನೋಡಬೇಕಾಯಿತು.

ಮೈಸೂರು ಮೋಟಾರು

ಚರ್ಚೆ ಬಹಳ ಸೊಗಸಾಗಿದೆ. ಆದರೆ ಹಳೇಚಕ್ರ ಅವರ ಮೂಲ ವಾದವನ್ನು ನಾನು ಒಪ್ಪಲಾರೆ. ಬೋಲ್ಟಿನ ನಿಯಮದಿಂದ ಕಪ್ ಸಾಯಲಿಲ್ಲ. ಮೂರು ಕಾರಿನ ಮಿತಿಯಿಂದ ಸತ್ತಿತು.

ಲೆಕ್ಕ ನೋಡಿ. ಆಗ ಪ್ರಪಂಚದಲ್ಲೇ ಅತಿ ಹೆಚ್ಚು ಕಾರು ಕಂಪನಿಗಳಿದ್ದದ್ದು ಫ್ರಾನ್ಸಿನಲ್ಲಿ. ಪನಾರ್, ಮೋರ್ಸ್, ರೆನೋ, ದಾರಕ್, ಬ್ರಾಸಿಯೇ, ಇನ್ನೂ ಎಷ್ಟೋ. ಅವರಿಗೂ ಮೂರೇ ಸೀಟು. ಒಂದೋ ಎರಡೋ ಕಂಪನಿ ಇರುವ ದೇಶಕ್ಕೂ ಮೂರು ಸೀಟು. 1904ರಲ್ಲಿ ಮೂರು ಜಾಗಕ್ಕೆ ಫ್ರಾನ್ಸಿನ ಆಯ್ಕೆ ರೇಸಿನಲ್ಲಿ 29 ಕಾರು ಓಡಿದವು. 26 ಕಾರು ಮನೆಗೆ ಹೋದವು. ಕಾರು ಮಾರುವ ಕಂಪನಿಗೆ ಇದರಿಂದ ಏನು ಲಾಭ?

ಅದೇ ವರ್ಷ ಮರ್ಸಿಡಿಸ್ ಏನು ಮಾಡಿತು ನೋಡಿ. ಜರ್ಮನಿಯ ಹೆಸರಲ್ಲಿ ಮರ್ಸಿಡಿಸ್, ಆಸ್ಟ್ರಿಯಾದ ಹೆಸರಲ್ಲೂ ಮೂರು ಮರ್ಸಿಡಿಸ್! ವೀನರ್ ನ್ಯೂಸ್ಟಾಟ್‌ನಲ್ಲಿ ಅವರ ಇನ್ನೊಂದು ಕಾರ್ಖಾನೆ ಇತ್ತಲ್ಲ, ಅಲ್ಲಿ ಮಾಡಿದ್ದು ಅಂತ. ಫ್ರೆಂಚರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ದಾರಕ್ ಕೂಡ ಜರ್ಮನಿಯಲ್ಲಿ ಓಪೆಲ್ ಜೊತೆ, ಸ್ಕಾಟ್ಲೆಂಡಿನಲ್ಲಿ ಇನ್ನೊಬ್ಬರ ಜೊತೆ ಸೇರಿ ಮೂರು ದೇಶದ ಹೆಸರಲ್ಲಿ ಕಾರು ಕಟ್ಟಿಸಿತು.

ಹಳೇಚಕ್ರ

ಮೈಸೂರಿನವರೇ, ನೀವು ಕೊಟ್ಟ ಉದಾಹರಣೆಯೇ ನನ್ನ ಕಡೆ ಸಾಕ್ಷಿ ಹೇಳುತ್ತಿದೆ. ಕಂಪನಿಗಳು ಇನ್ನೊಂದು ದೇಶದಲ್ಲಿ ಕಾರು ಕಟ್ಟಿಸಬೇಕಾದದ್ದು ಬೋಲ್ಟಿನ ನಿಯಮದಿಂದಲೇ ಅಲ್ವಾ? ಆದರೂ ಒಂದು ಒಪ್ಪುತ್ತೇನೆ. ಬಾಗಿಲು ಮುಚ್ಚಿಸಿದ್ದು ಮೂರು ಕಾರಿನ ಮಿತಿ. 'ಆ ಒಂದು ನಿಯಮವೇ' ಅಂತ ನಾನು ಮೊದಲು ಬರೆದದ್ದು ಜಾಸ್ತಿಯಾಯಿತು.

1904ರ ಜೂನ್ 17ರಂದು ಜರ್ಮನಿಯ ಟೌನಸ್ ಬೆಟ್ಟಗಳಲ್ಲಿ ರೇಸ್ ನಡೆಯಿತು. ಹೊರಟದ್ದು ಜಾಲ್‌ಬುರ್ಗ್‌ನಿಂದ, ಹಳೆಯ ರೋಮನ್ ಕೋಟೆಯ ಪಕ್ಕ. ಆ ಕೋಟೆಯನ್ನು ಮತ್ತೆ ಕಟ್ಟಿಸಲು ನಿಂತಿದ್ದ ಕೈಸರ್ ಎರಡನೇ ವಿಲ್ಹೆಲ್ಮ್ ಅವರೇ ನೋಡಲು ಬಂದಿದ್ದರು. ಅವರ ಕಣ್ಣೆದುರೇ ಫ್ರಾನ್ಸಿನ ಲೆಯೋನ್ ತೇರಿ ಗೆದ್ದರು, ಜೆನಾಟ್ಸಿ ಎರಡನೆಯವರು. ತೇರಿಯ ಓಟ ನನಗೆ ಎಲ್ಲರಿಗಿಂತ ಇಷ್ಟ. ನಾಲ್ಕು ಸುತ್ತು, ಒಂದೊಂದು ಸುಮಾರು 128 ಕಿಲೋಮೀಟರ್. ನಾಲ್ಕಕ್ಕೂ ಹೆಚ್ಚುಕಮ್ಮಿ ಒಂದೇ ಸಮಯ. ಅವರಿಗೆ 'ಕ್ರೋನೋಮೀಟರ್' ಅಂತಲೇ ಹೆಸರಿತ್ತು. ಗಡಿಬಿಡಿ ಇಲ್ಲ, ಕಾರನ್ನು ಹಿಂಸಿಸುವುದಿಲ್ಲ.

1905ರಲ್ಲಿ ಫ್ರಾನ್ಸ್ ತನ್ನದೇ ದೊಡ್ಡ ಗ್ರಾಂಡ್ ಪ್ರಿ ಮಾಡಿ ಅದರೊಳಗೆ ಕಪ್ಪನ್ನು ಸೇರಿಸಲು ನೋಡಿತು. ಬೇರೆ ದೇಶಗಳು ಒಪ್ಪಲಿಲ್ಲ. ಕೊನೆಯ ಗಾರ್ಡನ್ ಬೆನೆಟ್ ಜುಲೈ 5ರಂದು ಓವೆರ್ನ್ ಗುಡ್ಡಗಳಲ್ಲಿ, ಕ್ಲೆರ್ಮೋ-ಫೆರಾಂ ಹತ್ತಿರ. ಮಿಶೆಲಿನ್ ಟೈರಿನ ತವರು ಅದು. 137 ಕಿಲೋಮೀಟರಿನ ಸುತ್ತು, ತಿರುವಿನ ಮೇಲೆ ತಿರುವು. ಫಿಯೆಟ್ ಓಡಿಸುತ್ತಿದ್ದ ವಿನ್ಚೆಂಜೋ ಲಾನ್ಚಿಯಾ ಮೊದಲೆರಡು ಸುತ್ತು ಎಲ್ಲರಿಗಿಂತ ಮುಂದೆ. ಮುಂದೆ ತಮ್ಮ ಹೆಸರಲ್ಲೇ ಕಾರು ಕಂಪನಿ ಕಟ್ಟಿದರಲ್ಲ, ಅವರೇ. ಮೂರನೇ ಸುತ್ತಿನಲ್ಲಿ ಒಂದು ಕಲ್ಲು ಸಿಡಿದು ರೇಡಿಯೇಟರ್ ತೂತಾಯಿತು. ತೇರಿ ಮತ್ತೆ ಗೆದ್ದರು. ನಜ್ಜಾರೋ, ಕಾನ್ಯೋ ಇಬ್ಬರೂ ಫಿಯೆಟ್‌ನಲ್ಲಿ ಎರಡು, ಮೂರನೇ ಸ್ಥಾನ.

ಗೆದ್ದ ದೇಶ ಮುಂದಿನ ರೇಸ್ ನಡೆಸಬೇಕಿತ್ತಲ್ಲ? ಫ್ರಾನ್ಸ್ ನಡೆಸಲಿಲ್ಲ. ಬದಲಿಗೆ 1906ರ ಜೂನ್ 26, 27ರಂದು ಲ ಮಾನ್‌ನಲ್ಲಿ ಗ್ರಾಂಡ್ ಪ್ರಿ ಮಾಡಿತು. ಈಗ ದೇಶಕ್ಕೆ ಮೂರಲ್ಲ, ಕಂಪನಿಗೆ ಮೂರು ಕಾರು. ಒಟ್ಟು 32 ಕಾರು ಹೊರಟವು.

ಹುಬ್ಬಳ್ಳಿ ಗ್ಯಾರೇಜ್

ಆ ಲ ಮಾನ್ ರೇಸಿನಲ್ಲೇ ನಮ್ಮ ಕೆಲಸದವರ ಕಷ್ಟ ತೀರಿದ್ದು. ಮಿಶೆಲಿನ್‌ನವರು ಕಳಚುವ ರಿಮ್ ತಂದರು. ನಟ್ಟು ಬಿಚ್ಚು, ಗಾಳಿ ತುಂಬಿದ ಟೈರಿನ ಸಮೇತ ಹಳೇ ರಿಮ್ ತೆಗಿ, ಹೊಸದು ಕೂರಿಸು. ನಾಲ್ಕು ನಿಮಿಷದೊಳಗೆ ಮುಗಿಯುತ್ತಿತ್ತು. ಕಾರು ಮುಟ್ಟುವ ಹಾಗಿದ್ದದ್ದು ಚಾಲಕ, ಮೆಕ್ಯಾನಿಕ್ ಇಬ್ಬರೇ, ಹಾಗಾಗಿ ಉಳಿದ ಆ ಹತ್ತು ನಿಮಿಷಕ್ಕೆ ಚಿನ್ನದ ಬೆಲೆ. ಗೆದ್ದ ರೆನೋ ಕಾರಿನಲ್ಲಿ ಇದ್ದದ್ದು ಅದೇ ರಿಮ್. ಓಡಿಸಿದ ಫೆರೆಂಕ್ ಸಿಸ್ ಹಂಗೇರಿಯವರು, ಮೆಕ್ಯಾನಿಕ್ ಆಗಿ ಬೆಳೆದವರು.

ಗಾರ್ಡನ್ ಬೆನೆಟ್ ಮುಂದುವರಿದಿದ್ದರೆ ಫ್ರಾನ್ಸಿನಲ್ಲಿ ಮಾಡಿದ ಆ ರಿಮ್ಮನ್ನು ಇಟಲಿಯ ಕಾರಿಗೆ ಹಾಕುವಂತಿರಲಿಲ್ಲ. ಲ ಮಾನ್‌ನಲ್ಲಿ ಎರಡನೇ ಸ್ಥಾನ ಬಂದ ಫಿಯೆಟ್‌ನಲ್ಲಿ ಅದೇ ಇತ್ತು. ಹಳೇಚಕ್ರ ಅವರ ಮಾತಿಗೆ ನನ್ನ ಓಟು.

ಕಾರವಾರದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಪ್ರಶ್ನೆ. ನಾನು ಬೈಕಿನವನು, ಪ್ರತಿ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಬೈಕ್ ರೇಸ್ ನೋಡುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಎಲ್ಲೋ ಕೇಳಿದ್ದೆ.

ಪಾಠದ ಮೇಷ್ಟ್ರು

ಇದೆ ಮಗಾ, ನೇರ ಸಂಬಂಧ. 1904ರ ಕಪ್ಪಿಗೆ ಬ್ರಿಟನ್ ತನ್ನ ಮೂರು ಕಾರು ಆರಿಸಬೇಕಿತ್ತು. ಇಂಗ್ಲೆಂಡಿನಲ್ಲಿ ರಸ್ತೆ ಮುಚ್ಚುವಂತಿಲ್ಲ. ಐಲ್ ಆಫ್ ಮ್ಯಾನ್‌ಗೆ ಅದರದ್ದೇ ಸಂಸತ್ತು ಇದೆ. ಅಲ್ಲಿ ಕಾಯ್ದೆ ಮಾಡಿ ಆ ವರ್ಷದ ಮೇ ತಿಂಗಳಲ್ಲಿ ಆಯ್ಕೆ ರೇಸ್ ನಡೆಸಿದರು. ಆ ಕಾಯ್ದೆ ಉಳಿಯಿತು. 1905ರಲ್ಲಿ ಕಾರುಗಳ ಟೂರಿಸ್ಟ್ ಟ್ರೋಫಿ (ಅದೇ ಟಿಟಿ), 1907ರಲ್ಲಿ ಬೈಕುಗಳದ್ದು. ನೀನು ನೋಡುವುದು ಅದೇ.

ಡಬ್ಲಿನ್ ಕನ್ನಡತಿ

ಮೇಷ್ಟ್ರೇ, ಇದು ಮಗನಿಗೆ ಹೇಳಲೇಬೇಕು. ಮುಂದಿನ ರಜೆಗೆ ಐಲ್ ಆಫ್ ಮ್ಯಾನ್ ಹಡಗು ಹತ್ತೋಣ ಅಂತ ಅವನೇ ಹಟ ಹಿಡಿಯುತ್ತಾನೆ.

ಅಂದ ಹಾಗೆ ತೇರಿ ಆಮೇಲೆ ಏನಾದರು?

ಹಳೇಚಕ್ರ

ಬಹಳ ದಿನ ಬದುಕಲಿಲ್ಲ ಅಕ್ಕಾ. 1909ರಲ್ಲಿ ಕ್ಷಯದಿಂದ ತೀರಿಕೊಂಡರು. ಮೂವತ್ತರ ಹತ್ತಿರದ ವಯಸ್ಸು. ಎರಡು ಕಪ್, ಅದಕ್ಕೆ ಮುಂಚಿನ ಎರಡು ಆಯ್ಕೆ ರೇಸು, ನಾಲ್ಕನ್ನೂ ಗೆದ್ದವರು.

ಕಪ್ ಫ್ರಾನ್ಸಿನಲ್ಲೇ ಉಳಿಯಿತು. ಬೆಳ್ಳಿಯಲ್ಲಿ ಮಾಡಿದ ಒಂದು ಪನಾರ್ ಕಾರು, ಅದರ ಮೇಲೆ ವಿಜಯದೇವತೆ ನಿಂತಿದ್ದಾಳೆ. ಪನಾರ್ ಆ ಕಪ್ ಗೆದ್ದದ್ದು ಮೊದಲ ಎರಡು ವರ್ಷ ಮಾತ್ರ.